ಗಂಡನ ತಲೆಯ ಮೇಲಿನ ಆಣೆ

ರಿಪ್ಪನ್‌ಪೇಟೆಯಲ್ಲಿ ಬಸ್ಸಿಳಿದು ಹೊಸನಗರದ ದಾರಿಯಲ್ಲಿ ಸ್ವಲ್ಪ ನಡೆದರೆ ಎಡಗಡೆಗೆ ಕನ್ನಮ್ಮನ ಹೋಟೆಲು. ಬೋರ್ಡಿನ ಮೇಲೆ ಯಾವುದೋ ದೇವಿಯ ಹೆಸರಿದೆ, ಅದನ್ನು ಓದಿದವರು ಯಾರೂ ಇಲ್ಲ. ಅಕ್ಕಿ ರೊಟ್ಟಿ, ಮೀನು ಸಾರು, ಭಾನುವಾರ ಕೋಳಿ. ರೊಟ್ಟಿ ತಟ್ಟುವ ಕೈ ಸೊಸೆ ಶ್ಯಾಮಲಾಳದು, ಹೆಸರು ಬರುವುದು ಅತ್ತೆಗೆ. ಹೋಟೆಲಿನ ಬೆನ್ನಿಗೇ ಮನೆ. ಕನ್ನಮ್ಮನ ಗಂಡ ಮಾಸ್ತಪ್ಪ ಗಲ್ಲಾದಲ್ಲಿ ಕೂರುತ್ತಾನೆ, ಮಗ ಪ್ರದೀಪ ಪ್ರವಾಸಿಗರನ್ನು ಹತ್ತಿಸಿಕೊಂಡು ಕೊಡಚಾದ್ರಿಗೆ ಜೀಪು ಹೊಡೆಯುತ್ತಾನೆ, ಕನ್ನಮ್ಮ ಇವರೆಲ್ಲರನ್ನೂ ಬೈಯುತ್ತಾಳೆ. ಹೀಗೆ ಎಲ್ಲರಿಗೂ ಒಂದೊಂದು ಕೆಲಸವಿದ್ದ ಮನೆ ಅದು.

ಆ ಸೋಮವಾರ ಮೊದಲ ಬಸ್ಸಿನ ಜನ ಬಂದು ಕೂತಿದ್ದರು. ಕಾವಲಿಯ ಮುಂದೆ ನಿಂತಿದ್ದ ಶ್ಯಾಮಲಾ ಕುಸಿದು ನೆಲದ ಮೇಲೆ ಕೂತಳು.

"ಏ, ಎಂತ ಆಯ್ತೇ ನಿಂಗೆ? ರೊಟ್ಟಿ ಸೀದೋಗ್ತಾ ಇದೆ, ಏಳು."

"ಕಾಲು ಬರ್ತಾ ಇಲ್ಲ ಅತ್ತೆ."

"ಬರ್ತಾ ಇಲ್ಲ ಅಂದ್ರೆ? ಎಲ್ಲಿಗೆ ಹೋಯ್ತು ಅದು?"

ಕಟ್ಟಡದ ಕೆಲಸಕ್ಕೆ ಹೊರಟಿದ್ದ ಇಬ್ಬರು ಗಿರಾಕಿಗಳು ನಕ್ಕರು. ಶ್ಯಾಮಲಾ ನಗಲಿಲ್ಲ. ಬಲಗಾಲನ್ನು ಎರಡೂ ಕೈಯಲ್ಲಿ ಹಿಡಿದು ಎತ್ತಿ ಇಟ್ಟಳು. ಅದು ಇಟ್ಟಲ್ಲೇ ಬಿದ್ದುಕೊಂಡಿತು. ಎಡಗಾಲು ಊರಿ ಏಳಲು ಹೋದರೆ ಅದೂ ಗಡಗಡ ನಡುಗಿ ಕೈಕೊಟ್ಟಿತು. ಕನ್ನಮ್ಮ ಮೊದಲು ರೊಟ್ಟಿ ಮಗುಚಿ ಹಾಕಿದಳು, ಆಮೇಲೆ ಸೊಸೆಯ ಕಡೆ ತಿರುಗಿದಳು. ಗಿರಾಕಿಗಳು ಎದ್ದು ಹೋದರೆ ನಾಳೆ ಎದುರಿನ ಹೋಟೆಲಿನಲ್ಲಿ ಕೂರುತ್ತಾರೆ ನೋಡಿ.

ರಿಪ್ಪನ್‌ಪೇಟೆಯ ಡಾಕ್ಟರು ಸಾಗರಕ್ಕೆ ಬರೆದುಕೊಟ್ಟರು. ಸಾಗರದವರು ಶಿವಮೊಗ್ಗಕ್ಕೆ ಹೋಗಿ ಅಂದರು. ಶಿವಮೊಗ್ಗದ ದೊಡ್ಡ ಆಸ್ಪತ್ರೆಯಲ್ಲಿ ತಲೆ, ಬೆನ್ನು ಎಲ್ಲದಕ್ಕೂ ಸ್ಕ್ಯಾನ್ ಆಯಿತು. ಎಲ್ಲೂ ಏನೂ ಇಲ್ಲ. ಕೊನೆಗೆ ನರದ ಡಾಕ್ಟರೊಬ್ಬರು ಮನೆಯವರನ್ನೆಲ್ಲ ಒಳಗೆ ಕರೆದರು. ಚಿಕ್ಕ ವಯಸ್ಸಿನ ಮನುಷ್ಯ, ತಾಳ್ಮೆ ಬಹಳ. ಶ್ಯಾಮಲಾಳನ್ನು ಮಲಗಿಸಿ, ಬಿದ್ದುಕೊಂಡಿದ್ದ ಬಲಗಾಲಿನ ಹಿಮ್ಮಡಿಯ ಕೆಳಗೆ ತಮ್ಮ ಅಂಗೈ ಇಟ್ಟರು.

"ಹಿಮ್ಮಡಿಯಿಂದ ನನ್ನ ಕೈ ಒತ್ತಿ."

ಶ್ಯಾಮಲಾ ಹಲ್ಲು ಕಚ್ಚಿದಳು. ಹಿಮ್ಮಡಿ ಅಲುಗಲಿಲ್ಲ.

"ಸರಿ. ಈಗ ಅದನ್ನ ಮರೆತುಬಿಡಿ. ಎಡಗಾಲು ಮೇಲೆತ್ತಿ, ಜೋರಾಗಿ."

ಎಡಗಾಲು ಮೇಲಕ್ಕೆ ಹೊರಟ ಕ್ಷಣವೇ ಬಲಗಾಲಿನ ಹಿಮ್ಮಡಿ ಡಾಕ್ಟರ ಅಂಗೈಯನ್ನು ಹಾಸಿಗೆಗೆ ಒತ್ತಿಹಿಡಿಯಿತು. ಕನ್ನಮ್ಮ ಕಣ್ಣಾರೆ ನೋಡಿದಳು.

"ನೋಡಿದ್ರಾ? ಕಾಲಲ್ಲಿ ಶಕ್ತಿ ಇದೆ. ಇದು ಒಳ್ಳೆ ಸುದ್ದಿ. ಕನ್ವರ್ಷನ್ ಡಿಸಾರ್ಡರ್ ಅಂತಾರೆ ಇದಕ್ಕೆ. ಅವರು ಎತ್ತಬೇಕು ಅಂದಾಗ ಕಾಲು ಕೇಳ್ತಾ ಇಲ್ಲ, ಅದರ ಮೇಲೆ ಗಮನ ಇಲ್ಲದಾಗ ತಾನೇ ಕೇಳುತ್ತೆ. ಬೇಕಂತ ಮಾಡ್ತಾ ಇರೋದಲ್ಲ. ದಿನಾ ಅಭ್ಯಾಸ ಮಾಡಿಸಿದ್ರೆ ಬಹಳ ಜನಕ್ಕೆ ವಾಪಸ್ ಬರುತ್ತೆ. ಬೈಬೇಡಿ, ಹೆದರಿಸಬೇಡಿ, ಪರೀಕ್ಷೆ ಮಾಡಬೇಡಿ."

"ಎಂತಕ್ಕೆ ಬರ್ತದೆ ಸಾರ್ ಇದು?" ಮಾಸ್ತಪ್ಪ ಕೇಳಿದ.

"ಕೆಲವರಿಗೆ ಏನೋ ಆಘಾತ ಆಗಿರುತ್ತೆ, ಕೆಲವರಿಗೆ ಏನೂ ಆಗಿರಲ್ಲ. ಕಾರಣ ಹುಡುಕ್ತಾ ಕೂರಬೇಡಿ. ಬೆಂಬಲ ಕೊಡಿ, ಅಷ್ಟೇ."

ಡಾಕ್ಟರು ಇಷ್ಟೆಲ್ಲ ಹೇಳಿದರೂ ಕನ್ನಮ್ಮನ ಕಿವಿಯೊಳಗೆ ಇಳಿದದ್ದು ಒಂದೇ ಮಾತು. ಕಾಲಲ್ಲಿ ಶಕ್ತಿ ಇದೆ. ಉಳಿದದ್ದೆಲ್ಲ ಓದಿದವರು ಓದಿದವರಿಗೆ ಹೇಳುವ ಸಮಾಧಾನದ ಮಾತು ಅಂದುಕೊಂಡಳು. ಬರುವಾಗ ಆಯನೂರು ದಾಟಿದ ಮೇಲೆ ಜೀಪಿನಲ್ಲಿ ಹಿಂದೆ ತಿರುಗಿ, ಸೀಟಿನ ಮೇಲೆ ಅಡ್ಡ ಮಲಗಿದ್ದ ಸೊಸೆಯನ್ನು ಒಮ್ಮೆ ನೋಡಿದಳು.

"ಎಷ್ಟು ಚೆಂದ ಕಲ್ತಿದೀಯ ಮಾರಾಯ್ತಿ" ಅಂದಳು.

ಮರುದಿನದಿಂದ ಮನೆಯಲ್ಲಿ ಪ್ರದರ್ಶನ ಶುರುವಾಯಿತು. ಎದುರು ಸಾಲಿನಲ್ಲಿ ಹೂವಿನ ಅಂಗಡಿ ಇಟ್ಟಿದ್ದ ಜಲಜಮ್ಮ ನೋಡಲು ಬಂದಳು, ಕೈಯಲ್ಲಿ ಎರಡು ಎಳನೀರು.

"ಪಾಪ, ಎಂತ ಆಗೋಯ್ತೇ ಶ್ಯಾಮಲಾ" ಅಂದಳು.

"ಪಾಪ ಅನ್ಬೇಡ, ಬಾ ಇಲ್ಲಿ. ಒಂದು ತಮಾಷೆ ತೋರಿಸ್ತೀನಿ." ಕನ್ನಮ್ಮ ಮಂಚದ ಹತ್ತಿರ ಕೂತು ಸೊಸೆಯ ಹಿಮ್ಮಡಿಯ ಕೆಳಗೆ ಕೈಯಿಟ್ಟಳು. "ಎತ್ತೇ ಎಡಗಾಲು."

"ಬೇಡ ಅತ್ತೆ."

"ಎತ್ತು ಅಂದೆ. ಡಾಕ್ಟ್ರು ಹೇಳಿದ್ರೆ ಎತ್ತಕ್ಕಾಗ್ತದೆ, ನಾನು ಹೇಳಿದ್ರೆ ಆಗಲ್ವ?"

ಶ್ಯಾಮಲಾ ಎತ್ತಿದಳು. ಬಲ ಹಿಮ್ಮಡಿ ಒತ್ತಿತು. ಜಲಜಮ್ಮ ತಾನೂ ಕೈಯಿಟ್ಟು ನೋಡಿ ಬಾಯಿ ಮೇಲೆ ಬೆರಳಿಟ್ಟುಕೊಂಡಳು. ತಂದ ಎಳನೀರಲ್ಲಿ ಒಂದನ್ನು ವಾಪಸು ತೆಗೆದುಕೊಂಡು ಹೋದಳು, ಸುಳ್ಳಲ್ಲ. ಆಮೇಲೆ ಮೀನಿನವನು ಬಂದ, ಶ್ಯಾಮಲಾಳ ಚಿಕ್ಕಮ್ಮ ಬಂದಳು, ಸ್ವಸಹಾಯ ಸಂಘದ ಹೆಂಗಸರು ಬಂದರು. ಬಂದವರಿಗೆಲ್ಲ ಹಿಮ್ಮಡಿ ತೋರಿಸಿಯೇ ಕಾಫಿ. ಶ್ಯಾಮಲಾ ಮೊದಮೊದಲು ಅಳುತ್ತಿದ್ದಳು. ಬರುಬರುತ್ತ ಯಾರಾದರೂ ಬಾಗಿಲಿಗೆ ಬಂದರೆ ತಾನೇ ನೈಟಿ ಸರಿಮಾಡಿಕೊಂಡು ಕಾಲು ನೀಡಿ ಮುಖ ಗೋಡೆಗೆ ತಿರುಗಿಸುತ್ತಿದ್ದಳು.

ಊಟದ ತಟ್ಟೆಯನ್ನು ಕನ್ನಮ್ಮ ಮಂಚದ ಹತ್ತಿರ ಇಡುವುದನ್ನು ಬಿಟ್ಟಳು. ಬಾಗಿಲ ಹೊಸ್ತಿಲ ಹತ್ತಿರ ಇಟ್ಟು ಹೋಗುವಳು.

"ಹಸಿವಾದ್ರೆ ಎದ್ದು ಬಾ. ಯಾರೂ ನೋಡಲ್ಲ, ನಾಚ್ಕೋಬೇಡ."

ಶ್ಯಾಮಲಾ ಮಂಚದಿಂದ ಜಾರಿ, ಕೈ ಊರಿ, ಕಾಲೆಳೆದುಕೊಂಡು ತಟ್ಟೆಯ ಹತ್ತಿರ ಬರುವಷ್ಟರಲ್ಲಿ ಸಾರು ಆರಿರುತ್ತಿತ್ತು. ಕಿಟಕಿಯಿಂದ ಕನ್ನಮ್ಮ ನೋಡುತ್ತಲೇ ಇರುತ್ತಿದ್ದಳು. ಒಂದು ದಿನವಾದರೂ ಎದ್ದು ನಿಲ್ಲಲಿಲ್ಲ ಹಾಳಾದವಳು. ಎಂಥ ಹಟ ಅಂತ ಕನ್ನಮ್ಮನಿಗೆ ಒಳಗೊಳಗೇ ಸೋಜಿಗ.

ಮಾಸ್ತಪ್ಪನಿಗೆ ಇದು ಸರಿಕಾಣಲಿಲ್ಲ. "ಅನ್ನ ಹಾಗೆ ನೆಲದ ಮೇಲೆ ಇಡ್ತಾರೇನೇ? ನಾಯಿಗಾದ್ರೂ ಹತ್ರ ತಂದು ಹಾಕ್ತಾರೆ."

"ಹಂಗಾದ್ರೆ ನೀವೇ ತಟ್ಟಿ ರೊಟ್ಟಿ. ನಾಲ್ಕು ಗಂಟೆಗೆ ಎದ್ದು ಹಿಟ್ಟು ಬೇಯಿಸ್ಕಂಡು, ಸೊಂಟ ಬಿದ್ದು ಹೋಗ್ತಾ ಇದೆ ನಂಗೆ. ನಂಗೂ ಒಂದು ಕಾಲು ನೋವು ಬರ್ಬೇಕಿತ್ತು, ಯಾರು ನೋಡ್ಕತಿದ್ರೋ."

ಮಾಸ್ತಪ್ಪ ಗಲ್ಲಾಕ್ಕೆ ಹೋಗಿ ಕೂತ. ಅವನ ಸಿಟ್ಟು ಯಾವಾಗಲೂ ಅಲ್ಲಿಗೇ ಮುಗಿಯುವುದು.

ಸಾಗರದಿಂದ ವಾರಕ್ಕೆರಡು ಸಲ ಮೇಧಾ ಎಂಬ ಫಿಸಿಯೋದ ಹುಡುಗಿ ಸ್ಕೂಟಿಯಲ್ಲಿ ಬರುತ್ತಿದ್ದಳು. ಅವಳನ್ನು ಗೊತ್ತುಮಾಡಿದ್ದು ಪ್ರದೀಪ. ಅವಳು ಮಾಡಿಸುವುದೋ, ವ್ಯಾಯಾಮ ಅನ್ನುವ ಹಾಗೂ ಇಲ್ಲ. ಶ್ಯಾಮಲಾಳನ್ನು ಕನ್ನಡಿಯ ಎದುರು ಕೂರಿಸಿ, ಕಾಲಿನ ಕಡೆ ನೋಡಬೇಡಿ ಅನ್ನುವಳು. ಚೆಂಡು ಎಸೆಯುವಳು. ಮಗ್ಗಿ ಹೇಳಿಸುವಳು. ಹದಿನಾಲ್ಕರ ಮಗ್ಗಿ ಹೇಳುತ್ತ ಹೇಳುತ್ತ ಕಾಲ ಹೆಬ್ಬೆರಳು ಒಮ್ಮೆ ಮಡಚಿಕೊಂಡಿತು ಅಂತ ಮನೆಯಲ್ಲಿ ಮಗು ಹುಟ್ಟಿದವರ ಹಾಗೆ ಇಬ್ಬರೂ ಕೈಕೈ ಹಿಡಿದುಕೊಂಡು ಕೂತರು.

"ಮಗ್ಗಿ ಹೇಳಿದ್ರೆ ಕಾಲು ಬರೋದಾದ್ರೆ ನಮ್ಮೂರ ಮೇಷ್ಟ್ರೆಲ್ಲ ಓಟದಲ್ಲಿ ಗೆಲ್ಬೇಕಿತ್ತು" ಅಂದಳು ಕನ್ನಮ್ಮ.

"ಅಮ್ಮಾ, ದಯವಿಟ್ಟು ಆ ಹಿಮ್ಮಡಿ ಪರೀಕ್ಷೆ ಮಾಡೋದು ಬಿಡಿ" ಅಂದಳು ಮೇಧಾ. "ಅವರು ಹೆದರಿದಷ್ಟೂ ಕಾಲು ಹಿಂದೆ ಹೋಗುತ್ತೆ."

"ಹೆದರ್ತಾಳೆ ಅಂದ್ರೆ ಮುಚ್ಚಿಡೋದು ಏನೋ ಇದೆ ಅಂತಲೇ ಅಲ್ವ ತಂಗಿ?"

ಮೇಧಾ ಮತ್ತೆ ಬಿಡಿಸಿ ಹೇಳಲು ಹೊರಟಳು. ಕನ್ನಮ್ಮ ಕೇಳುವವಳಲ್ಲ.

ದೀಪಾವಳಿ ಹತ್ತಿರವಾಯಿತು. ಕೊಡಚಾದ್ರಿಗೆ ಜನವೋ ಜನ, ಪ್ರದೀಪ ಬೆಳಗಾಗುವ ಮೊದಲೇ ಗುಡ್ಡದ ಬುಡದ ನಿಟ್ಟೂರಿಗೆ ಜೀಪು ಒಯ್ಯುವನು. ಹೋಟೆಲಿನಲ್ಲಿ ಕನ್ನಮ್ಮ ಒಬ್ಬಳೇ. ತಟ್ಟಿದ ರೊಟ್ಟಿ ದಪ್ಪವಾಗಿದೆ, ಅಂಚು ಹಸಿಯಾಗಿದೆ ಅಂತ ಗಿರಾಕಿಗಳು ಬಾಯಿಬಿಟ್ಟು ಹೇಳತೊಡಗಿದರು. ಒಬ್ಬ ಲಾರಿ ಡ್ರೈವರ್ ಅಂತೂ ತಟ್ಟೆ ದೂಡಿ, "ಆ ಅಕ್ಕ ಇಲ್ವೇನಮ್ಮ? ನಿಮ್ಮ ಕೈಯದ್ದಾದ್ರೆ ಬರೇ ಟೀ ಕೊಡಿ" ಅಂದ. ಕನ್ನಮ್ಮ ಟೀ ತಂದು ಕುಕ್ಕಿದಳು. ಹೋಟೆಲು ನಡೆದದ್ದು ತನ್ನ ಕೈಯಿಂದಲ್ಲ ಅಂತ ಊರಿಗೆ ಗೊತ್ತಾಗುತ್ತಿದೆ. ಆ ಮಧ್ಯಾಹ್ನವೇ ತೀರ್ಮಾನ ಮಾಡಿದಳು.

"ಪ್ರದೀಪ, ಇವ್ಳನ್ನ ಚೌಡಿ ಹತ್ರ ಕರ್ಕಂಡು ಹೋಗೋಣ. ಆಣೆ ಮಾಡ್ಲಿ."

"ಎಂತ ಆಣೆ ಅಮ್ಮ?"

"ಕಾಲು ನಿಜವಾಗ್ಲೂ ಬರಲ್ಲ ಅಂತ. ನಿಜ ಆದ್ರೆ ಹೆದರಿಕೆ ಎಂತಕ್ಕೆ? ಮಾಡ್ಲಿ, ನಾನು ಸಾಯೋವರೆಗೆ ಬಾಯಿ ಬಿಡಲ್ಲ. ಅವ್ಳ ಕಾಲು ತೊಳ್ದು ಸೇವೆ ಮಾಡ್ತೀನಿ."

ಪ್ರದೀಪ ಹೆಂಡತಿಯ ಮುಖ ನೋಡಿದ. ಇಬ್ಬರು ಹೆಂಗಸರ ನಡುವೆ ಅವನ ಬೆನ್ನು ಮುರಿದು ಹೋಗಿತ್ತು. ಹೇಗಾದರೂ ಒಂದು ಕಡೆ ತೀರ್ಮಾನವಾಗಲಿ ಅನ್ನುವ ಹಾಗಾಗಿತ್ತು.

"ಮಾಡ್ತೀನಿ" ಅಂದಳು ಶ್ಯಾಮಲಾ. "ಇವತ್ತೇ ಬೇಕಾದ್ರೂ ಮಾಡ್ತೀನಿ. ಆಮೇಲಾದ್ರೂ ನನ್ನ ಕಾಲು ಮುಟ್ಟೋದು ಬಿಡ್ತೀರಲ್ಲ."

ಊರು ಕಾಯುವ ದೇವಿ ಚೌಡಿಯ ಬನ ಊರಾಚೆ, ಕೆರೆಯ ಏರಿ ದಾಟಿದರೆ ಸಿಗುತ್ತದೆ. ದೊಡ್ಡ ಮತ್ತಿ ಮರ, ಬುಡದಲ್ಲಿ ಕುಂಕುಮ ಮೆತ್ತಿದ ಒಂದು ಕಲ್ಲು, ಅಷ್ಟೇ. ಆದರೆ ಆ ಕಲ್ಲಿನ ಮುಂದೆ ಸುಳ್ಳಾಡಿ ದಕ್ಕಿಸಿಕೊಂಡವರಿಲ್ಲ ಎಂಬುದು ಆ ಸುತ್ತಿನ ನಂಬಿಕೆ. ಗಡಿಯ ಬೇಲಿ, ಕದ್ದ ಕರು, ಕೊಟ್ಟ ಮಾತು, ಎಲ್ಲ ಜಗಳವೂ ಪೊಲೀಸರಿಗಿಂತ ಮೊದಲು ಅಲ್ಲಿಗೆ ಬರುತ್ತದೆ. ಎರಡು ದಿನ ಬಿಟ್ಟು ಪ್ರದೀಪ ಹೆಂಡತಿಯನ್ನು ಎತ್ತಿಕೊಂಡು ಹೋಗಿ ಕಲ್ಲಿನ ಮುಂದೆ ಕೂರಿಸಿದ. ಪೂಜಾರಿ ಸೀತಾರಾಮಪ್ಪ ಕರ್ಪೂರ ಹಚ್ಚಿದ.

"ಯಾರ ಮೇಲೆ ಆಣೆ?" ಕೇಳಿದ.

"ನನ್ನ ಮಗನ ತಲೆ ಮೇಲೆ" ಅಂದಳು ಕನ್ನಮ್ಮ.

ಈ ಮಾತನ್ನು ಅವಳು ಎರಡು ದಿನದಿಂದ ಬಾಯಲ್ಲಿಟ್ಟುಕೊಂಡು ಬಂದಿದ್ದಳು. ತನ್ನ ತಲೆ ಮೇಲಾದರೆ ಯಾವಳೂ ಆಣೆಯಿಟ್ಟಾಳು. ಗಂಡನ ತಲೆ ಅಂದರೆ ಸುಳ್ಳಿ ಹಿಂಜರಿಯಲೇಬೇಕು, ಅಲ್ಲೇ ಅಳುತ್ತ ಒಪ್ಪಿಕೊಳ್ಳಬೇಕು, ನಾಳೆ ಕಾವಲಿಯ ಮುಂದೆ ನಿಲ್ಲಬೇಕು. ಇದು ಅವಳ ಲೆಕ್ಕ.

ಶ್ಯಾಮಲಾ ಹಿಂಜರಿಯಲಿಲ್ಲ. ಎಡಗೈಯನ್ನು ಮುಂದೆ ಬಗ್ಗಿ ಕೂತಿದ್ದ ಗಂಡನ ತಲೆಯ ಮೇಲಿಟ್ಟಳು. "ನನ್ನ ಕಾಲು ಬರೋದಿಲ್ಲ. ಬರೋ ಕಾಲನ್ನ ಬರಲ್ಲ ಅಂತ ನಾನು ಹೇಳಿದ್ರೆ, ಈ ತಲೆ ನನಗೆ ಇಲ್ದಂಗಾಗ್ಲಿ" ಅಂದಳು. ಬಲ ಅಂಗೈಯಿಂದ ಉರಿಯುವ ಕರ್ಪೂರವನ್ನು ಅದುಮಿ ಆರಿಸಿದಳು. ಕೈ ಎತ್ತಿದಾಗ ಅಂಗೈ ನಡುವೆ ಬೊಬ್ಬೆ ಎದ್ದಿತ್ತು.

ಕನ್ನಮ್ಮ ಸೋತಳು. ಸೋತದ್ದನ್ನು ಸೋತೆ ಅಂತ ಒಪ್ಪಿಕೊಳ್ಳುವ ಗುಣವೊಂದು ಅವಳಲ್ಲಿತ್ತು, ಅದನ್ನೂ ಹೇಳಿಬಿಡಬೇಕು. ಅವತ್ತಿನಿಂದ ತಟ್ಟೆ ಮಂಚದ ಹತ್ತಿರ ಬಂತು. ಬಂಗುಡೆ ಮೀನು ಹುರಿದರೆ ನಡುವಿನ ತುಂಡು ಸೊಸೆಗೆ. ಅಂಗೈಯ ಬೊಬ್ಬೆಗೆ ತಾನೇ ಲೋಳೆಸರ ಹಚ್ಚಿದಳು. ಜಲಜಮ್ಮ ಹೂ ಕೊಡುವ ನೆಪದಲ್ಲಿ ಬಂದು, "ಎಂತ ಕನ್ನಮ್ಮ, ಕಾಲು ಇವತ್ತೂ ಒತ್ತುತ್ತಾ?" ಅಂತ ಕಣ್ಣು ಮಿಟುಕಿಸಿದ್ದಕ್ಕೆ ಮೈಮೇಲೆ ಹೋದಳು.

"ನನ್ನ ಸೊಸೆ ಚೌಡಿ ಮುಂದೆ ಕರ್ಪೂರ ಆರಿಸಿ ಬಂದವ್ಳು. ನಿಮ್ಮನೇಲಿ ಒಬ್ರಾದ್ರೂ ಆರಿಸ್ತೀರನೇ? ಹೋಗ್, ಹೂ ಮಾರು ಹೋಗ್."

ಒಳಗೆ ಮಲಗಿದ್ದ ಶ್ಯಾಮಲಾಳಿಗೆ ಇದು ಕೇಳಿಸಿತು. ಬಹಳ ದಿನದ ಮೇಲೆ ಅವಳು ನಕ್ಕಳು. ರಾತ್ರಿ ಊಟಕ್ಕೆ ಕನ್ನಮ್ಮ ಮಂಚದ ಪಕ್ಕ ಕೂತು, ಹಿಟ್ಟು ಎಷ್ಟು ಹೊತ್ತು ಬೇಯಿಸಿದರೆ ರೊಟ್ಟಿಯ ಅಂಚು ಹಸಿಯಾಗುವುದಿಲ್ಲ ಅಂತ ಮೊದಲ ಸಲ ಸೊಸೆಯನ್ನು ಕೇಳಿ ತಿಳಿದುಕೊಂಡಳು. ಇಬ್ಬರಿಗೂ ಒಂಥರಾ ಹಗುರಾಯಿತು. ಹೆದರಿಕೆ ಹೋದ ಮೈ ಎಷ್ಟು ಬೇಗ ಮಾತು ಕೇಳುತ್ತದೋ ಏನೋ, ಆ ವಾರವೇ ಕಾಲಿಗೆ ಜೀವ ಬರತೊಡಗಿತು.

ಬುಧವಾರ ಮಧ್ಯಾಹ್ನ ಮೀನು ತೊಳೆಯುತ್ತಿದ್ದ ಕನ್ನಮ್ಮನಿಗೆ ಒಳಗಿನಿಂದ ಮೇಧಾಳ ಕೂಗು ಕೇಳಿಸಿತು.

"ಅಮ್ಮಾ, ಬನ್ನಿ ಬೇಗ! ನೋಡಿ ಇಲ್ಲಿ!"

ಹೋಗಿ ನೋಡಿದರೆ ಶ್ಯಾಮಲಾ ನಿಂತಿದ್ದಾಳೆ. ಒಂದು ಕೈ ಗೋಡೆಗೆ, ಇನ್ನೊಂದು ಗಾಳಿಯಲ್ಲಿ. ಹಿಂದೆ ಹಿಂದೆ ಹೆಜ್ಜೆ ಹಾಕುತ್ತ, ಹದಿನೇಳರ ಮಗ್ಗಿ ಹೇಳುತ್ತ, ಬಾಗಿಲ ತನಕ ಬಂದಳು. ಬಂದವಳು ತಿರುಗಿ ಅತ್ತೆಯನ್ನು ನೋಡಿ ಬಾಯಿತುಂಬ ನಕ್ಕಳು. ಕಣ್ಣಲ್ಲಿ ನೀರು.

"ಬಂತು ಅತ್ತೆ! ಕಾಲು ಬಂತು!"

ಕನ್ನಮ್ಮನ ಕೈಯಲ್ಲಿ ಇನ್ನೂ ಮೀನಿನ ಹುರುಪೆ ಅಂಟಿತ್ತು. ಮೊದಲು ಬಾಯಿಂದ ಬಂದದ್ದು ಹಳೆಯ ಮಾತೇ. "ನೋಡಿದ್ರಾ? ನಡೀತಾಳೆ! ನಾನು ಅವತ್ತೇ ಹೇಳ್ಲಿಲ್ವ? ಸುಳ್ಳಿ! ಕೇಳ್ತಾ ಇದೀರೇನ್ರಿ, ನಿಮ್ಮ ಸೊಸೆ ನಡೀತಾ ಇದಾಳೆ, ಬಂದು ನೋಡಿ!"

ಮಾಸ್ತಪ್ಪ ಗಲ್ಲಾ ಬಿಟ್ಟು ಬಂದ. ಸೊಸೆ ನಿಂತಿದ್ದನ್ನು ನೋಡಿ ಅವನ ಮುಖ ಅರಳಿತು. ಹಾಗೆ ಅರಳಿದ್ದು ನಿಧಾನಕ್ಕೆ ಬಾಡಿತು.

"ಸುಳ್ಳು ಅಂತೀಯಲ್ಲ ಕನ್ನಮ್ಮ" ಅಂದ. "ಸುಳ್ಳಾದ್ರೆ, ಆಣೆ ಯಾರ ತಲೆ ಮೇಲೆ ಇಡಿಸಿದೀಯ, ನೆನಪಿದೆಯ?"

ಕನ್ನಮ್ಮ ಬಾಗಿಲಾಚೆ ಜೀಪು ನಿಲ್ಲುವ ಜಾಗ ನೋಡಿದಳು, ಖಾಲಿ. ಬುಧವಾರ. ಪ್ರದೀಪ ಬೆಳಿಗ್ಗೆ ಆರು ಜನರನ್ನು ಹತ್ತಿಸಿಕೊಂಡು ಕೊಡಚಾದ್ರಿಗೆ ಹೋಗಿದ್ದಾನೆ. ಆ ದಾರಿಯಲ್ಲಿ ಒಂದು ಚಕ್ರ ಜಾರಿದರೆ ಜೀಪು ಹುಡುಕುವುದಕ್ಕೇ ಜನ ಬೇಕು. ಅವಳು ಒಂದೇ ನೆಗೆತಕ್ಕೆ ಸೊಸೆಯ ಹತ್ತಿರ ಹೋಗಿ ಎರಡೂ ಭುಜ ಹಿಡಿದು ಕೆಳಗೆ ಅದುಮಿದಳು.

"ಕೂತ್ಕ! ಕೂತ್ಕ ಅಂದೆ! ಏಳ್ಬೇಡ!"

"ಅಮ್ಮಾ, ಏನ್ಮಾಡ್ತಿದೀರ ನೀವು?" ಮೇಧಾ ಅಡ್ಡ ಬಂದಳು.

"ನೀನು ಹೋಗು ತಾಯಿ. ಇನ್ಮೇಲೆ ಬರೋದು ಬೇಡ. ನಿನ್ನ ಮಗ್ಗಿ ನನ್ನ ಮಗನ್ನ ತಿಂತದೆ."

ಶ್ಯಾಮಲಾ ಗೋಡೆಗೆ ಒರಗಿ ಬಿದ್ದಲ್ಲೇ ಕೂತಿದ್ದಳು. ನಗು ಇನ್ನೂ ಪೂರ್ತಿ ಮಾಸಿರಲಿಲ್ಲ, ಆದದ್ದೇನು ಅಂತ ಅರ್ಥವಾಗಿರಲಿಲ್ಲ. ಕನ್ನಮ್ಮ ಫೋನು ಮಾಡಿದಳು. ಪ್ರದೀಪ ಸಿಗುತ್ತಿಲ್ಲ. ಮೇಲೆ ನೆಟ್‌ವರ್ಕ್ ಇರುವುದಿಲ್ಲ ಅಂತ ಅವಳಿಗೇ ಗೊತ್ತು, ಆದರೂ ಮಾಡಿದಳು, ಮಾಡುತ್ತಲೇ ಇದ್ದಳು. ಹೋಟೆಲಿಗೆ ಬಂದವರಿಗೆ ಮೀನು ಮುಗಿದಿದೆ ಅಂತ ಹೇಳಿ ಕಳಿಸಿ, ತೊಳೆದ ಮೀನನ್ನು ಹಾಗೇ ಬಿಟ್ಟು ರಸ್ತೆಯ ಮೇಲೆ ನಿಂತಳು. ಸಂಜೆ ಪ್ರದೀಪ ಬಂದ, ಎಂದಿನಂತೆ ಧೂಳು ಮೆತ್ತಿಕೊಂಡು. ಕನ್ನಮ್ಮ ಅವನ ತಲೆಯನ್ನು ಎರಡೂ ಕೈಯಿಂದ ತಡವಿ ತಡವಿ ನೋಡಿದಳು.

ಸುದ್ದಿ ಕೇಳಿ ಪ್ರದೀಪ ಮೊದಲು ಹೆಂಡತಿಯ ಹತ್ತಿರ ಓಡಿದ. "ನಡೆದ್ಯಾ? ಹೌದಾ? ನಿಜವಾಗ್ಲೂ?" ಅಂದ. ಅವನ ಸಂತೋಷ ಸುಳ್ಳಲ್ಲ. ಊಟಕ್ಕೆ ಕೂತಾಗ ಮಾತ್ರ ಕಲಸಿದ ಅನ್ನವನ್ನೇ ಮತ್ತೆ ಮತ್ತೆ ಕಲಸಿದ.

"ಇವತ್ತು ಇಳಿಯೋವಾಗ ಬ್ರೇಕ್ ಸ್ವಲ್ಪ ಹಿಡೀಲಿಲ್ಲ" ಅಂದ, ಯಾರನ್ನೂ ನೋಡದೆ. "ದಿನಾ ಆಗ್ತದೆ ಅದು. ಬಿಸಿಯಾದ್ರೆ ಆಗ್ತದೆ."

ಕನ್ನಮ್ಮ ಸೌಟು ಕೆಳಗಿಟ್ಟು ಸೊಸೆಯ ಕಡೆ ತಿರುಗಿದಳು.

"ಒಂದ್ ನಾಲ್ಕು ದಿವ್ಸ ಕೂತೇ ಇರು ಶ್ಯಾಮಲಾ" ಅಂದ ಪ್ರದೀಪ. "ಎಂತಾದ್ರೂ ದಾರಿ ಮಾಡೋಣ. ಅಲ್ಲಿವರೆಗೆ ಮಾತ್ರ."

"ನೀವೂ ನಂಬ್ತೀರಾ?" ಶ್ಯಾಮಲಾ ಕೇಳಿದಳು. "ನಾನು ಆಣೆ ಮಾಡಿದ ದಿನ ನನ್ನ ಕಾಲು ಬರ್ತಾ ಇರ್ಲಿಲ್ಲ. ಇವತ್ತು ಬಂತು. ಜ್ವರ ಬಂದವ್ರು ಜ್ವರ ಅಂತಾರೆ, ಬಿಟ್ಟ ಮೇಲೆ ಬಿಟ್ಟಿತು ಅಂತಾರೆ. ಅದ್ರಲ್ಲಿ ಸುಳ್ಳೇನು ಬಂತು?"

"ನಂಗೊತ್ತು. ಚೌಡಿಗೆ ಗೊತ್ತಾಗ್ಬೇಕಲ್ಲ."

ಎಂಥಾ ಗಂಡ ನೋಡಿ. ಅವನು ತಟ್ಟೆಯಲ್ಲೇ ಕೈತೊಳೆದು ಎದ್ದ.

ಮುಂದಿನ ದಿನಗಳಲ್ಲಿ ಆ ಮನೆಯಲ್ಲಿ ನಡೆದದ್ದನ್ನು ಹೊರಗಿನವರು ನೋಡಿದ್ದರೆ ನಕ್ಕಿರುತ್ತಿದ್ದರು. ಏಳು ಏಳು ಅಂತ ಬೊಬ್ಬೆ ಹೊಡೆದಿದ್ದ ಬಾಯಿ ಈಗ ಏಳಬೇಡ ಅನ್ನುತ್ತಿತ್ತು. ಶ್ಯಾಮಲಾ ಮಂಚದ ಅಂಚಿಗೆ ಕಾಲು ಇಳಿಬಿಟ್ಟರೆ ಸಾಕು, ಕನ್ನಮ್ಮ ಹಿಟ್ಟಿನ ಕೈಯಲ್ಲೇ ಓಡಿಬರುವಳು. ಬಚ್ಚಲಿಗೆ ತಾನೇ ಎಳೆದುಕೊಂಡು ಹೋಗಿ ಕೂರಿಸುವಳು, ಸೊಂಟ ನೋವು ಅಂತ ಒಂದು ದಿನವೂ ಅನ್ನಲಿಲ್ಲ. ಮೇಧಾಳ ಫೋನು ಬಂದರೆ ಕಟ್ ಮಾಡುವಳು. ಒಂದು ಬೆಳಿಗ್ಗೆ ಶ್ಯಾಮಲಾ ಯಾರೂ ಇಲ್ಲವೆಂದು ಎದ್ದು ಕಿಟಕಿಯ ತನಕ ಹೋಗಿದ್ದನ್ನು ಕಂಡು, ಒಲೆಯ ಸೌದೆಯಲ್ಲಿ ಮೊಣಕಾಲ ಕೆಳಗೆ ಬೀಸಿ ಹೊಡೆದಳು.

"ನನ್ನ ಮಗನ್ನ ಕೊಂದು ನಡೀತೀಯೇನೇ? ಹಂಗೆ ನಡೆದು ಎಲ್ಲಿಗೆ ಹೋಗ್ಬೇಕು ನಿಂಗೆ?"

ಹೊಡೆದದ್ದು ಚೆನ್ನಾಗಿ ಬರುತ್ತಿದ್ದ ಎಡಗಾಲಿಗೆ. ಆ ಕಾಲು ಆಮೇಲೆ ಎರಡು ದಿನ ಊದಿಕೊಂಡಿತು.

ಕೊನೆಗೆ ಕನ್ನಮ್ಮ ಸೀತಾರಾಮಪ್ಪನನ್ನೇ ಮನೆಗೆ ಕರೆಸಿ, ರೊಟ್ಟಿ ಬಡಿಸಿ, ದಾರಿ ಕೇಳಿದಳು.

"ತಪ್ಪು ಕಾಣಿಕೆ ಇಡ್ಬೇಕು" ಅಂದ ಅವನು. "ಬರೇ ಕಾಣಿಕೆ ಆಗಲ್ಲ. ಆಣೆ ಮಾಡಿದವ್ರು ಅಲ್ಲೇ ಕೂತು, ಜನರ ಎದುರಿಗೆ, ನಾನು ಸುಳ್ಳು ಹೇಳಿದ್ದೆ ಅಂತ ಬಾಯಿಬಿಟ್ಟು ಒಪ್ಕೋಬೇಕು. ಆಮೇಲೆ ಅವ್ರೇ ಸುತ್ತು ಬರ್ಬೇಕು. ಅಲ್ಲಿಗೆ ಆಣೆ ಬಿಡ್ತದೆ."

"ಸುಳ್ಳು ಹೇಳ್ದೇ ಇದ್ರೆ?" ಒಳಗಿನಿಂದ ಶ್ಯಾಮಲಾ ಕೇಳಿದಳು.

ಸೀತಾರಾಮಪ್ಪ ರೊಟ್ಟಿ ಮುರಿಯುವುದನ್ನು ನಿಲ್ಲಿಸಿದ. ಈ ಪ್ರಶ್ನೆಯನ್ನು ಅವನಿಗೆ ಯಾರೂ ಕೇಳಿರಲಿಲ್ಲ. "ಹಂಗಾದ್ರೆ ಹೆದರಿಕೆ ಇಲ್ಲವಲ್ಲ ತಂಗಿ" ಅಂದ. ಕನ್ನಮ್ಮನ ಮುಖ ನೋಡಿ, ಬಾಕಿ ರೊಟ್ಟಿ ತಿಂದು ಎದ್ದುಹೋದ.

ಕನ್ನಮ್ಮ ಸೊಸೆಯ ಮಂಚದ ಹತ್ತಿರ ಕೂತಳು. ಬೈಯಲಿಲ್ಲ. ಕೈ ಹಿಡಿದುಕೊಂಡಳು. "ಒಂದೇ ಮಾತು ಕಣೇ. ಸುಳ್ಳು ಹೇಳಿದ್ದೆ ಅಂದ್ಬಿಡು. ನನ್ನ ಮಗ ಉಳೀತಾನೆ, ನೀನೂ ನಡೀಬೋದು. ಆ ಹುಡುಗಿನೂ ಬರ್ಲಿ, ನಾನೇ ಕಾಫಿ ಮಾಡಿ ಕೊಡ್ತೀನಿ."

"ಹಂಗಂದ್ರೆ ಊರೆಲ್ಲ ನನ್ನ ಸುಳ್ಳಿ ಅಂತದೆ. ನನ್ನ ಅಪ್ಪ ಅಮ್ಮ ತಲೆ ಎತ್ತಿ ತಿರುಗೋದು ಹೆಂಗೆ?"

"ಊರಿಗೆ ಎರಡು ದಿನ. ಆಮೇಲೆ ಯಾರಿಗೆ ನೆನಪಿರ್ತದೆ?"

ಶ್ಯಾಮಲಾ ಗಂಡನ ಕಡೆ ನೋಡಿದಳು. ಅವನು ಜೀಪಿನ ಕೀಲಿಯನ್ನು ಬೆರಳಲ್ಲಿ ತಿರುಗಿಸುತ್ತಿದ್ದ.

"ಹೇಳ್ಬಿಡು ಮಾರಾಯ್ತಿ" ಅಂದ. "ನಂಗೆ ದಿನಾ ಆ ಗುಡ್ಡ ಹತ್ತಬೇಕು."

"ಆಯ್ತು" ಅಂದಳು ಶ್ಯಾಮಲಾ. "ನಂಗೆ ನಡೀಬೇಕು. ಅದಕ್ಕೋಸ್ಕರ ಹೇಳ್ತೀನಿ."

ಮರುವಾರದ ಶುಕ್ರವಾರ ಸಂಜೆ ಬನದಲ್ಲಿ ಹತ್ತಲ್ಲ, ಮೂವತ್ತು ಜನ ಸೇರಿದ್ದರು. ಜಲಜಮ್ಮ ಅಂಗಡಿ ಮುಚ್ಚಿಕೊಂಡು ಬಂದಿದ್ದಳು, ಎದುರಿನ ಹೋಟೆಲಿನವನೂ ಬಂದಿದ್ದ. ಮಾಸ್ತಪ್ಪ ಮಾತ್ರ ಬರಲಿಲ್ಲ. ನಾನು ನೋಡಲಾರೆ ಅಂತ ಗಲ್ಲಾದಲ್ಲೇ ಕೂತ. ಪ್ರದೀಪ ಹೆಂಡತಿಯನ್ನು ಎತ್ತಿ ತಂದು ಕಲ್ಲಿನ ಎದುರು ಕೂರಿಸಿ ಹಿಂದೆ ಸರಿದ.

"ಹೇಳು ತಂಗಿ" ಅಂದ ಸೀತಾರಾಮಪ್ಪ.

ಶ್ಯಾಮಲಾ ಹೇಳಿದಳು. "ನನ್ನ ಕಾಲು ಬರ್ತಿತ್ತು. ಬರಲ್ಲ ಅಂತ ಸುಳ್ಳು ಹೇಳಿದೆ. ಗಂಡನ ತಲೆ ಮೇಲೆ ಸುಳ್ಳು ಆಣೆ ಇಟ್ಟೆ. ತಪ್ಪಾಯ್ತು ತಾಯಿ." ಗಟ್ಟಿಯಾಗಿ, ತಡವರಿಸದೆ ಹೇಳಿದಳು. ಮೂವತ್ತು ಜನರೂ ಒಟ್ಟಿಗೆ ಉಸಿರುಬಿಟ್ಟರು. ಯಾರೋ "ಥೂ" ಅಂದರು. ಕನ್ನಮ್ಮ ಎರಡೂ ಕೈ ಜೋಡಿಸಿ ಕಣ್ಣು ಮುಚ್ಚಿದಳು. ಎದೆಯ ಮೇಲಿನ ಕಲ್ಲು ಇಳಿದಿತ್ತು. ಮಗ ಉಳಿದ.

"ಆಯ್ತು, ಆಣೆ ಬಿಡ್ತು. ಇನ್ನು ಏಳು. ನಿನ್ನ ಕಾಲಲ್ಲೇ ಮೂರು ಸುತ್ತು ಬಾ. ಯಾರೂ ಮುಟ್ಬಾರದು."

ಶ್ಯಾಮಲಾ ಕೈ ಊರಿದಳು. ಎಡಗಾಲು ಮಡಿಸಿದಳು. ಬಲಗಾಲು ಬರಲಿಲ್ಲ. ತುಟಿ ಅಲುಗುತ್ತಿತ್ತು. ಮಗ್ಗಿ ಹೇಳುತ್ತಿದ್ದಾಳೆ ಅಂತ ಕನ್ನಮ್ಮನಿಗೆ ಗೊತ್ತಾಯಿತು. ಮತ್ತೊಮ್ಮೆ ಎದ್ದಳು, ಅರ್ಧಕ್ಕೆ ಮುಗ್ಗರಿಸಿ ಕಲ್ಲಿನ ಮುಂದೆ ಬೋರಲು ಬಿದ್ದಳು. ಬಾಯಿಗೆ ಮಣ್ಣು ಹೋಯಿತು.

"ಒಪ್ಕಂಡ ಮೇಲೂ ನಾಟಕ ಬಿಡಲ್ಲ ಅಂತಾಳಲ್ಲ" ಅಂದಳು ಜಲಜಮ್ಮ. ಜನ ನಕ್ಕರು.

"ರೀ, ಬರ್ತಾ ಇಲ್ಲ" ಅಂದಳು ಶ್ಯಾಮಲಾ, ಗಂಡನ ಕಡೆ ತಿರುಗಿ. "ಮೊನ್ನೆ ಬರ್ತಿತ್ತು. ನಿಮ್ಮಾಣೆ, ಈಗ ಬರ್ತಾ ಇಲ್ಲ."

ಆಣೆ ಅನ್ನುವ ಮಾತಿಗೆ ಜನ ಇನ್ನೂ ಜೋರಾಗಿ ನಕ್ಕರು. ಕನ್ನಮ್ಮ ನಗಲಿಲ್ಲ. ಅವಳು ಸೊಸೆಯ ಮುಖವನ್ನೇ ನೋಡುತ್ತಿದ್ದಳು. ಬೆವರು, ಮಣ್ಣು, ಕಣ್ಣಿನ ಗಾಬರಿ. ಈಗ ನಟಿಸಿ ಇವಳಿಗೆ ಸಿಗುವುದೇನು? ಮೂರು ಸುತ್ತು ಬಂದರೆ ಎಲ್ಲ ಮುಗಿಯುತ್ತದೆ, ನಡೆಯಬಹುದು, ಕೇಳಿದ್ದೆಲ್ಲ ಸಿಗುತ್ತದೆ. ಸುಳ್ಳಿಯಾದವಳು ಈ ಹೊತ್ತಿಗೆ ಎದ್ದು ಓಡುತ್ತಿದ್ದಳು. ಇದು ನಟನೆಯಲ್ಲ. ಅವತ್ತು ಕಾವಲಿಯ ಮುಂದೆ ಕುಸಿದದ್ದೂ ಅಲ್ಲ. ಕನ್ನಮ್ಮನಿಗೆ ಬಿಸಿಲಿನ ಹಾಗೆ ಎಲ್ಲ ಕಂಡಿತು. ಮೊದಲ ಆಣೆ ನಿಜವಾದದ್ದು. ಸುಳ್ಳು ನುಡಿದದ್ದು ಇವತ್ತು, ನುಡಿಸಿದವಳು ತಾನು.

ಒಂದು ಮಾತು ಸಾಕಿತ್ತು. ನಾನು ಹೇಳಿಸಿದ್ದು, ಇವಳದ್ದು ತಪ್ಪಿಲ್ಲ ಅಂದರೆ ಮುಗಿಯುತ್ತಿತ್ತು. ಬಾಯಿ ತೆರೆದಳು. ಎದುರಿಗೆ ಜಲಜಮ್ಮ, ಹೋಟೆಲಿನವನು, ಮೂವತ್ತು ಜನ. ಹಾಗೆ ಅಂದರೆ ಇವತ್ತಿನ ಒಪ್ಪಿಗೆ ಸುಳ್ಳಾಗುತ್ತದೆ. ಚೌಡಿಯ ಮುಂದೆ ಸುಳ್ಳು ನುಡಿಸಿದವಳ ಮನೆಯಲ್ಲಿ ಮೊದಲು ಹೋಗುವ ಜೀವ ಯಾರದು? ಪ್ರದೀಪ ಹೆಂಡತಿಯನ್ನು ಎತ್ತಲು ಬಗ್ಗಿದ್ದ.

"ಮುಟ್ಬೇಡ!" ಅಂದಳು ಕನ್ನಮ್ಮ. "ಬಿಡು ಅವ್ಳನ್ನ. ಎಲ್ರೂ ನಡೀರಿ ಮನೆಗೆ. ನೋಡೋರಿದ್ರೆ ತಾನೇ ನಾಟಕ. ಹೊಟ್ಟೆ ಹಸಿದ್ರೆ ಎದ್ದು ಬರ್ತಾಳೆ."

ಜನ ಒಬ್ಬೊಬ್ಬರಾಗಿ ಕೆರೆಯ ಏರಿ ಹತ್ತಿದರು. ಹಿಂದಿನಿಂದ ಶ್ಯಾಮಲಾ "ಅತ್ತೆ" ಅಂದದ್ದು ಕನ್ನಮ್ಮನಿಗೆ ಚೆನ್ನಾಗಿಯೇ ಕೇಳಿಸಿತು. ಅವಳು ಮಗನ ರಟ್ಟೆ ಹಿಡಿದು ಜೀಪಿನ ಕಡೆ ಎಳೆದುಕೊಂಡು ನಡೆದಳು. ಅವನು ಬಿಡಿಸಿಕೊಳ್ಳಲಿಲ್ಲ.